ತರಿಸಿಕೊಳ್ಳುವ ಮುನ್ನ ಒಂದು ಎಲ್ಲೆ

‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳ. ಜೈನರ ಮಹಾತೀರ್ಥವಾಗಿದ್ದ ಈ ನೆಲದಲ್ಲಿ ಮುನಿಗಳು ಸಲ್ಲೇಖನದಿಂದ ದೇಹದ ಮೇಲಣ ಮೋಹವನ್ನೇ ತೊರೆದರು. ಅಂತಹ ತ್ಯಾಗ ಗೃಹಸ್ಥರಿಗೆ ಸುಲಭಸಾಧ್ಯವಲ್ಲ. ಆದ್ದರಿಂದಲೇ ಆಚಾರ್ಯರು ಶ್ರಾವಕರಿಗೆ ಅಣುವ್ರತಗಳನ್ನೂ ಅವುಗಳಿಗೆ ಬಲ ನೀಡುವ ಗುಣವ್ರತಗಳನ್ನೂ ಬೋಧಿಸಿದರು.

ಗುಣವ್ರತಗಳಲ್ಲಿ ದೇಶವ್ರತವೂ ಒಂದು. ಇಷ್ಟು ಕಾಲ, ಇಷ್ಟೇ ಎಲ್ಲೆಯೊಳಗೆ ವ್ಯವಹರಿಸುವೆನೆಂಬ ಸಂಕಲ್ಪವದು. ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ದ 7ನೆಯ ಅಧ್ಯಾಯವು ಈ ವ್ರತದ 5 ಅತಿಚಾರಗಳಲ್ಲಿ ಮೊದಲು ಎಣಿಸುವುದು ‘ಆನಯನ’ವನ್ನು. ತಾನು ಎಲ್ಲೆಯೊಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದೇ ಆನಯನ. ಕಾಲು ಕದಲಲಿಲ್ಲ, ಆದರೆ ಆಸೆ ಎಲ್ಲೆ ದಾಟಿತು. ಮೊಬೈಲಿನ ಮೇಲೆ ಬೆರಳಾಡಿಸಿ ದೂರದ ಗೋದಾಮಿನಿಂದ ಸರಕು ತರಿಸುವ ನಮಗೆ ಈ ಮಾತು ತಟ್ಟದಿರದು.

ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಹದಗೊಳಿಸಿ, ಬಣ್ಣ ತುಂಬಿ ಗೊಂಬೆಗಳನ್ನು ರೂಪಿಸುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಕಲೆಗಿದೆ. ಆದರೆ ಮಾನ್ಯತೆಯೊಂದೇ ಒಲೆ ಹಚ್ಚದು, ಕೊಳ್ಳುವವರು ಬೇಕು. ನೇರವಾಗಿ ಕೊಂಡಾಗ ನಡುವಿನವರ ಪಾಲೂ ಕೆತ್ತಿದ ಕೈಯನ್ನೇ ಸೇರುತ್ತದೆ. ಮಗನು ಉಳಿ ಹಿಡಿಯುವನೋ ಗುಳೆ ಹೋಗುವನೋ ಎಂಬುದು ಆ ಪಾಲಿನ ಮೇಲೆಯೇ ನಿಂತಿರಬಹುದು.

ಅಸ್ತೇಯದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವೂ ಸೇರಿದೆ: ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು. ಕದ್ದು ತಂದುದನ್ನು ಸ್ವೀಕರಿಸುವ ‘ತದಾಹೃತಾದಾನ’ವೂ ಅಲ್ಲೇ ಇದೆ. ಎಂದರೆ, ವಸ್ತು ಎಲ್ಲಿಂದ ಬಂತೆಂದು ಕೇಳುವ ಹೊಣೆ ಕೊಳ್ಳುವವನಿಗೂ ಉಂಟು. ತಯಾರಿಸಿದವನ ಎದುರಿಗೆ ನಿಂತಾಗ ಆ ಪ್ರಶ್ನೆಗೆ ಉತ್ತರ ಸುಲಭ.

ಹಾಗೆಂದು ಬೇಡದ್ದನ್ನು ಹತ್ತಿರದವರಿಂದ ಕೊಂಡರೆ ಅದು ಧರ್ಮವಾಗದು, ಅದೂ ಪರಿಗ್ರಹವೇ. ಕರುಣೆ ತೋರಿದೆವೆಂಬ ಹಮ್ಮೂ ಸಲ್ಲದು. ದುಡಿಮೆಗೆ ತಕ್ಕ ಬೆಲೆ ತೆರುವುದು ದಾನವಲ್ಲ, ಋಣಸಂದಾಯ.

ಮುಂಬರುವ ದಶಲಕ್ಷಣ ಪರ್ವದ 10 ದಿನಗಳ ಮಟ್ಟಿಗಾದರೂ ಒಂದು ಎಲ್ಲೆ ಹಾಕಿಕೊಳ್ಳೋಣ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಬೇಕಾದುದು ಈ ಎಲ್ಲೆಯೊಳಗೆ ಸಿಕ್ಕರೆ ಮಾಡಿದವರ ಬಾಗಿಲಿಗೆ ನಾವೇ ಹೋಗಿ, ಚೌಕಾಸಿಯಿಲ್ಲದೆ ಕೊಳ್ಳೋಣ. ಸಿಗದಿದ್ದರೆ 10 ದಿನ ಕಾಯೋಣ. ಕಾದ ಮೇಲೆ ಅದು ಬೇಡವೆನಿಸಿದರೆ, ವ್ರತ ಫಲಿಸಿತೆಂದೇ ಅರ್ಥ.