ಡೊಲೊಮೈಟ್ ಪರ್ವತಗಳಲ್ಲಿ ಭಾಷಾಭ್ಯಾಸ

ಬೇಸಗೆಯ ರಜೆಯಲ್ಲಿ ಪರಪ್ರಾಂತಕ್ಕೆ ಹೋಗಿ, ಅಲ್ಲಿಯ ಜನರ ನಡುವೆ ಇದ್ದು, ಅವರ ಭಾಷೆಯನ್ನು ಕಲಿತು ಬರುವ ಪದ್ಧತಿಯು ಯುರೋಪಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುತ್ತದೆ. ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಆ ಖಂಡಕ್ಕೆ ಹೋದ ನಮ್ಮ ತರುಣರಿಗೂ ಈ ಮಾರ್ಗವು ತೆರೆದಿದೆ. ಮುಂಜಾನೆ ಮೂರು ನಾಲ್ಕು ತಾಸು ವ್ಯಾಕರಣ ಮತ್ತು ಸಂಭಾಷಣೆ, ಮಧ್ಯಾಹ್ನದ ಮೇಲೆ ಸುತ್ತಾಟ. ಇದು ಇಂತಹ ಶಿಬಿರಗಳ ಸಾಮಾನ್ಯ ಕ್ರಮ. ಈ ಸುತ್ತಾಟವನ್ನು ಕೇವಲ ವಿನೋದವೆಂದು ಬಗೆಯುವವರು ಅನೇಕರು. ನಮ್ಮ ಅಭಿಪ್ರಾಯದಲ್ಲಿ ಪಾಠದ ಅರ್ಧಾಂಶವು ಅಲ್ಲಿಯೇ ಇರುತ್ತದೆ. ಇಟಲಿಯ ಉತ್ತರದ ತುದಿಯಲ್ಲಿರುವ ದಕ್ಷಿಣ ಟಿರೋಲ್ ಸೀಮೆಯೂ ಅದರ ಸುತ್ತಣ ಡೊಲೊಮೈಟ್ ಪರ್ವತಗಳೂ ಇದಕ್ಕೆ ಉತ್ತಮ ನಿದರ್ಶನವಾಗಿವೆ.

ಇಟಲಿಗೆ ಬಂದೆನೆಂದು ತಿಳಿದು ಈ ಸೀಮೆಯಲ್ಲಿ ಇಳಿದ ವಿದ್ಯಾರ್ಥಿಯು ಮೊದಲು ಬೆರಗಾಗುವನು. ರಾಜಧಾನಿಯ ಹೆಸರು ಇಟಾಲಿಯನ್ನಿನಲ್ಲಿ ಬೋಲ್ಜಾನೊ, ಜರ್ಮನ್ನಿನಲ್ಲಿ ಬೋಟ್ಸೆನ್, ಲಾದಿನ್ ಭಾಷೆಯಲ್ಲಿ ಬುಲ್ಸಾನ್. ಪಟ್ಟಣದೊಳಗೆ ಇಟಾಲಿಯನ್ ಆಡುವವರೇ ಹೆಚ್ಚು. ಅದನ್ನು ಬಿಟ್ಟು ಬೆಟ್ಟದ ಹಳ್ಳಿಗಳಿಗೆ ಏರಿದೊಡನೆ ಕಿವಿಗೆ ಬೀಳುವುದು ಜರ್ಮನ್, ಅದೂ ಪುಸ್ತಕದ ಜರ್ಮನ್ ಅಲ್ಲ, ಟಿರೋಲಿನ ಆಡುನುಡಿ. 2011ರ ಜನಗಣತಿಯಂತೆ ಈ ಪ್ರಾಂತದಲ್ಲಿ ನೂರಕ್ಕೆ 69 ಮಂದಿ ಜರ್ಮನ್ ಭಾಷಿಕರು, 26 ಮಂದಿ ಇಟಾಲಿಯನ್ ಭಾಷಿಕರು, ಐವರಿಗಿಂತ ತುಸು ಕಡಮೆ ಲಾದಿನ್ ಭಾಷಿಕರು. ಆದುದರಿಂದ ಇಟಾಲಿಯನ್ ಕಲಿಯಬೇಕೆನ್ನುವವನು ಬೋಲ್ಜಾನೊದಲ್ಲಿಯೂ, ಜರ್ಮನ್ ಕಲಿಯಬೇಕೆನ್ನುವವನು ಬ್ರಿಕ್ಸೆನ್‌ನಂತಹ ಊರಿನಲ್ಲಿಯೂ ನಿಲ್ಲುವುದು ಲೇಸು.

ಈ ಸ್ಥಿತಿಯು ಹೇಗೆ ಒದಗಿತೆಂಬುದನ್ನು ಅರಿಯದೆ ದಾರಿಯ ಫಲಕಗಳನ್ನು ಓದಿದರೆ ಪ್ರಯೋಜನವಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ 1919ರ ಸಂಧಿಯಂತೆ ಆಸ್ಟ್ರಿಯಾದ ಕೈಬಿಟ್ಟು ಈ ಸೀಮೆಯು ಇಟಲಿಗೆ ಸೇರಿತು. ಫ್ಯಾಸಿಸ್ಟರು ಅಧಿಕಾರಕ್ಕೆ ಬಂದ ಮೇಲೆ, 1923ರಲ್ಲಿ, ಎತ್ತೊರೆ ತೊಲೊಮೇಯಿ ಎಂಬಾತನು 32 ಅಂಶಗಳ ಕಾರ್ಯಕ್ರಮವೊಂದನ್ನು ಸಾರಿದನು. ಊರುಗಳ ಹೆಸರುಗಳು ಬದಲಾದವು. ಟಿರೋಲ್ ಎಂಬ ಹೆಸರೇ ನಿಷಿದ್ಧವಾಯಿತು. ಶಾಲೆಗಳಿಂದ ಜರ್ಮನ್ ಹೊರಬಿದ್ದಿತು. ಆಗ ಮಿಖಾಯೆಲ್ ಗಾಂಪರ್ ಎಂಬ ಪಾದ್ರಿಯ ಪ್ರೇರಣೆಯಿಂದ ಕೊಟ್ಟಿಗೆಗಳಲ್ಲಿಯೂ ಅಟ್ಟಗಳಲ್ಲಿಯೂ ಗುಪ್ತ ಶಾಲೆಗಳು ನಡೆದವು. ಅಲ್ಲಿ ಕಲಿಸಿದವರಲ್ಲಿ ಹೆಚ್ಚಿನವರು ತರುಣಿಯರು. ಅವರಲ್ಲೊಬ್ಬಳಾದ ಆಂಜೆಲಾ ನಿಕೊಲೆಟ್ಟಿ ಸೆರೆಮನೆಯನ್ನು ಕಂಡು, 1930ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯ್ನುಡಿಯ ಅಕ್ಷರಗಳನ್ನು ಮಕ್ಕಳಿಗೆ ಹೇಳಿಕೊಟ್ಟುದೇ ಆಕೆಯ ಅಪರಾಧ! 1939ರಲ್ಲಿ ಹಿಟ್ಲರನೂ ಮುಸೊಲಿನಿಯೂ ಕೂಡಿ, ಜನ್ಮಭೂಮಿಯನ್ನು ಬಿಟ್ಟು ಜರ್ಮನಿಗೆ ಹೋಗಿರಿ, ಇಲ್ಲವೆ ಇಲ್ಲಿಯೇ ಉಳಿದು ಭಾಷೆಯ ಆಸೆಯನ್ನು ಬಿಡಿರಿ ಎಂದು ಈ ಜನರನ್ನು ಆಯ್ಕೆಗೆ ದೂಡಿದರು. ಸುಮಾರು 75,000 ಮಂದಿ ಹೊರಟುಹೋದರು. 1946ರಲ್ಲಿ ಪ್ಯಾರಿಸ್ಸಿನಲ್ಲಿ ಇಟಲಿ ಆಸ್ಟ್ರಿಯಾಗಳ ನಡುವೆ ಒಪ್ಪಂದವಾಗಿ, 1972ರ ಸ್ವಾಯತ್ತ ಶಾಸನದಿಂದ ಭಾಷೆಗಳಿಗೆ ಭದ್ರವಾದ ಆಶ್ರಯವು ದೊರೆಯಿತು. ಇಂದು ಫಲಕದ ಮೇಲೆ ಎರಡು ಮೂರು ಹೆಸರುಗಳು ಜೊತೆಯಾಗಿ ನಿಂತಿರುವುದು ಐವತ್ತು ವರ್ಷಗಳ ಹೋರಾಟದ ಫಲ.

ಲಾದಿನ್ ಭಾಷೆಯ ಕಥೆಯು ಇನ್ನಷ್ಟು ಮನನೀಯವಾದುದು. ರೋಮನರ ಲ್ಯಾಟಿನ್ನಿನಿಂದ ಹುಟ್ಟಿ, ಪರ್ವತಗಳ ಮರೆಯಲ್ಲಿ ಉಳಿದುಕೊಂಡ ಈ ನುಡಿಯನ್ನು ಆಡುವವರು ಸುಮಾರು 30,000 ಮಂದಿ ಮಾತ್ರ. ಸೆಲ್ಲಾ ಎಂಬ ಬೃಹತ್ ಶಿಲಾಸಮೂಹದ ಸುತ್ತಲೂ ಬದಿಯಾ, ಗಾರ್ದೇನಾ, ಫಾಸ್ಸಾ, ಲಿವಿನಲ್ಲೊಂಗೊ ಎಂಬ ನಾಲ್ಕು ಕಣಿವೆಗಳಿವೆ. ತುಸು ದೂರದಲ್ಲಿ ಆಂಪೆತ್ಸೊ ಐದನೆಯದು. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ 2,121 ಮೀಟರಿನ ಗಾರ್ದೇನಾ, 2,239 ಮೀಟರಿನ ಪೊರ್ದೊಯಿ ಮುಂತಾದ ಘಾಟಗಳನ್ನು ದಾಟಬೇಕು. ಚಳಿಗಾಲದಲ್ಲಿ ಹಿಮವು ಮುಚ್ಚುತ್ತಿದ್ದ ಈ ಘಾಟಗಳೇ ಒಂದೊಂದು ಕಣಿವೆಯ ನುಡಿಗೂ ಒಂದೊಂದು ರೂಪವನ್ನು ಕೊಟ್ಟವು. ಉಪಕಾರ ಸ್ಮರಣೆಗೆ ಬದಿಯಾದಲ್ಲಿ ‘ಜುಲಾನ್’ ಎಂದರೆ ಗಾರ್ದೇನಾದಲ್ಲಿ ‘ದೆ ಗ್ರಾ’ ಎನ್ನುವರು. ಇದರ ಕಾರಣವನ್ನು ತರಗತಿಯಲ್ಲಿ ಕುಳಿತು ತಿಳಿಯುವುದು ಕಷ್ಟ. ಘಾಟವನ್ನು ಕಾಲ್ನಡಿಗೆಯಿಂದ ದಾಟಿದವನಿಗೆ ತಾನಾಗಿಯೇ ತಿಳಿಯುತ್ತದೆ.

ಈ ಐದು ಕಣಿವೆಗಳು ಫ್ಯಾಸಿಸ್ಟರ ಕಾಲದಿಂದಲೂ ಮೂರು ಪ್ರಾಂತಗಳಲ್ಲಿ ಹಂಚಿಹೋಗಿವೆ. ಇಂತಹ ಹಂಚಿಕೆಯ ಸಂಕಟವನ್ನು, 1956ಕ್ಕೆ ಮುಂಚಿನ ಕರ್ನಾಟಕದ ಸ್ಥಿತಿಯನ್ನು ಬಲ್ಲ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. 2007ರಲ್ಲಿ ಆಂಪೆತ್ಸೊ, ಲಿವಿನಲ್ಲೊಂಗೊ ಕಡೆಯವರು ದಕ್ಷಿಣ ಟಿರೋಲನ್ನು ಸೇರಲು ಮತ ಕೊಟ್ಟರೂ ಆ ಇಚ್ಛೆಯು ಕೈಗೂಡಿಲ್ಲ. ಹೀಗಿದ್ದೂ ಆ ಜನರು ಕೈಕಟ್ಟಿ ಕುಳಿತಿಲ್ಲ. 1976ರಲ್ಲಿ ಬದಿಯಾ ಕಣಿವೆಯ ಸಾನ್ ಮಾರ್ತಿನ್ ಗ್ರಾಮದಲ್ಲಿ, ಹಿಂದಿನ ಶತಮಾನದ ವೈಯಾಕರಣನಾದ ಮಿಕುರಾ ದೆ ರೂ ಎಂಬವನ ಹೆಸರಿನಿಂದ ಭಾಷಾಸಂಸ್ಥೆಯೊಂದು ಹುಟ್ಟಿತು. ಅದೇ ಗ್ರಾಮದ ಹಳೆಯ ಕೋಟೆಯಲ್ಲಿ ಲಾದಿನ್ ವಸ್ತುಸಂಗ್ರಹಾಲಯವಿದೆ. 30,000 ಜನರಿಗಾಗಿ ‘ಲಾ ಉಷ್ ದಿ ಲಾದಿನ್ಸ್’ ಎಂಬ ವಾರಪತ್ರಿಕೆಯೂ ನಡೆಯುತ್ತಿದೆ. ಪತ್ರಿಕೆ ನಡೆಸುವ ಕಷ್ಟವನ್ನು ಬಲ್ಲ ನಾವು ಇದಕ್ಕೆ ತಲೆಬಾಗುತ್ತೇವೆ.

ಇನ್ನು ಪರ್ವತಗಳ ಮಾತು. ಕೋಟ್ಯಂತರ ವರ್ಷಗಳ ಹಿಂದೆ ಬೆಚ್ಚನೆಯ ಸಮುದ್ರದಲ್ಲಿ ಬೆಳೆದ ಹವಳದಿಬ್ಬಗಳೇ ಇಂದು ಮುಗಿಲನ್ನು ಮುಟ್ಟಿವೆ. ಈ ಶಿಲೆಯ ಗುಣವನ್ನು 1791ರಲ್ಲಿ ವರ್ಣಿಸಿದ ಫ್ರೆಂಚ್ ಪಂಡಿತ ದೊಲೊಮಿಯೆ ಎಂಬವನ ಹೆಸರೇ ಪರ್ವತಗಳಿಗೂ ನಿಂತಿತು. 2009ರಲ್ಲಿ ಯುನೆಸ್ಕೊ ಸಂಸ್ಥೆಯು ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂಜೆಯ ಬಿಸಿಲಿಗೆ ಬೋಳುಬಂಡೆಗಳು ಗುಲಾಬಿ ಬಣ್ಣ ತಳೆಯುವ ಹೊತ್ತಿಗೆ ಲಾದಿನ್ನರು ‘ಎನ್ರೊಸಾದಿರಾ’ ಎಂಬ ಒಂದೇ ಪದವನ್ನು ಇಟ್ಟಿದ್ದಾರೆ. ಆದರೆ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹಠಾತ್ತನೆ ಬರುವುದುಂಟು. ಪಾಠ ಮುಗಿಸಿ ಮಧ್ಯಾಹ್ನ ಹೊರಟವನು ಕಣಿವೆಯ ಹಾದಿಗಳಲ್ಲಿಯೇ ತೃಪ್ತನಾಗಿ, ಎತ್ತರದ ಚಾರಣವನ್ನು ಬಿಡುವಿನ ದಿನದ ಬೆಳಗಿಗೆ ಇಟ್ಟುಕೊಳ್ಳತಕ್ಕದ್ದು. 2022ರ ಜುಲೈ 3ರಂದು ಮಾರ್ಮೊಲಾದಾ ಶಿಖರದ ಹಿಮನದಿಯು ಕುಸಿದು 11 ಮಂದಿ ಮಡಿದರು. ಸ್ಥಳೀಯರ ಎಚ್ಚರಿಕೆಯ ಮಾತನ್ನು ಅವರ ಭಾಷೆಯಲ್ಲಿಯೇ ತಿಳಿದುಕೊಳ್ಳಬಲ್ಲವನು ಭಾಗ್ಯವಂತನು.

ಮೂವತ್ತು ಸಾವಿರ ಜನರ ನುಡಿಯ ಎರಡು ಮಾತು ಕಲಿತು ಬರುವ ಲಾಭವೇನೆಂದು ಲೌಕಿಕರು ಕೇಳಬಹುದು. ಬೇಸಗೆಯಲ್ಲಿ ಆ ಕಣಿವೆಗಳಿಗೆ ಪ್ರವಾಸಿಗರು ತಂಡತಂಡವಾಗಿ ಬರುತ್ತಾರೆ. ಅವರಿಂದಲೇ ಅಲ್ಲಿಯ ಜನರ ಜೀವನ ನಡೆಯುತ್ತದೆ. ಆದರೆ ದಿನವಿಡೀ ಅವರೊಡನೆ ಜರ್ಮನ್, ಇಟಾಲಿಯನ್, ಇಂಗ್ಲಿಷ್ ಆಡುವ ಮನೆಯವರಿಗೆ ತಮ್ಮ ನುಡಿಯು ಅಡುಗೆಮನೆಗಷ್ಟೇ ಸಾಕೆಂಬ ಭಾವನೆಯೂ ಹುಟ್ಟಬಹುದು. ದೂರದಿಂದ ಬಂದ ಅತಿಥಿಯೊಬ್ಬನು ಊಟ ಮುಗಿಸಿ ‘ಜುಲಾನ್’ ಎಂದರೆ ಆ ಮನೆಯ ಮಕ್ಕಳು ತಮ್ಮ ನುಡಿಗೂ ಬೆಲೆಯಿದೆಯೆಂದು ಅರಿಯುತ್ತಾರೆ. ಶಿಬಿರಕ್ಕೆ ಹೋಗುವ ತರುಣರು ತಮಗೆ ಬೇಕಾದ ಇಟಾಲಿಯನ್ನನ್ನೋ ಜರ್ಮನ್ನನ್ನೋ ಶ್ರದ್ಧೆಯಿಂದ ಕಲಿಯಲಿ. ಅದರೊಡನೆ ಆಯಾ ಕಣಿವೆಯ ನುಡಿಯಲ್ಲಿ ನಮಸ್ಕಾರವನ್ನೂ ಕೃತಜ್ಞತೆಯನ್ನೂ ಹೇಳಲು ತಪ್ಪದಿರಲಿ. ಪರರ ತಾಯ್ನುಡಿಯನ್ನು ಗೌರವಿಸಲು ಕಲಿತವನು ತನ್ನದನ್ನು ಅಲಕ್ಷಿಸಲಾರನೆಂಬುದು ನಮ್ಮ ನಂಬಿಗೆ.