ಧ್ವನಿ-ಪ್ರವರ್ಧಕವನ್ನು ನಾವೇ ಕಟ್ಟೋಣ

ಗಣೇಶೋತ್ಸವದ ದಿನಗಳಲ್ಲಿ ಕತ್ರಿಗುಪ್ಪೆಯಲ್ಲಿ ಹಾಡುವವರ ಕಂಠ ನಾಲ್ಕು ಬೀದಿಗಳಾಚೆಗೂ ಕೇಳಿಸುವುದುಂಟು. ಆ ಬಲ ಕಂಠದ್ದಲ್ಲ. ಕೆರೆಯ ತೂಬನ್ನು ಎತ್ತುವುದಕ್ಕೆ ಅಲ್ಪ ಶ್ರಮ ಸಾಕು. ಹರಿಯುವ ನೀರು ಮಾತ್ರ ಕೆರೆಯದು. ಹಾಗೆಯೇ ಪ್ರವರ್ಧಕದಲ್ಲಿ, ಎಂದರೆ ಆಂಪ್ಲಿಫೈಯರಿನಲ್ಲಿ, ಕ್ಷೀಣವಾದ ಸಂಕೇತವು ಬ್ಯಾಟರಿಯ ಶಕ್ತಿಯನ್ನು ತನ್ನ ಏರಿಳಿತಕ್ಕೆ ತಕ್ಕಂತೆ ಹರಿಯಗೊಡುತ್ತದೆ.

ಈ ತೂಬಿನ ಕೆಲಸವನ್ನು ಮಾಡುವ ಟ್ರಾನ್ಸಿಸ್ಟರು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜನ್ಮತಾಳಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ಇಂದು ಹಲವು ಟ್ರಾನ್ಸಿಸ್ಟರುಗಳನ್ನು ಒಡಲಲ್ಲಿಟ್ಟುಕೊಂಡ ಎಂಟು ಕಾಲುಗಳ ಎಲ್.ಎಂ. 386 ಎಂಬ ಐ.ಸಿ. ನಮ್ಮ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ.

ಐ.ಸಿ.ಯ ಕಚ್ಚು ಮೇಲಿರುವಂತೆ ಹಿಡಿದು, ಎಡಮೇಲ್ತುದಿಯ ಕಾಲಿನಿಂದ ಅಪ್ರದಕ್ಷಿಣವಾಗಿ ಎಣಿಸಬೇಕು. 6ನೆಯ ಕಾಲಿಗೆ 9 ವೋಲ್ಟ್ ಬ್ಯಾಟರಿಯ ಧನಾಗ್ರ; 2 ಮತ್ತು 4ಕ್ಕೆ ಋಣಾಗ್ರ. ಈ ಎರಡು ಅಗ್ರಗಳ ನಡುವೆ, ಐ.ಸಿ.ಗೆ ಸಮೀಪದಲ್ಲಿ, 100 ಮೈಕ್ರೋಫ್ಯಾರಡ್ ಕಂಡೆನ್ಸರು. 10,000 ಓಮ್‌ನ ವಾಲ್ಯೂಮ್ ಕಂಟ್ರೋಲಿನ ಒಂದು ತುದಿಗೆ ಸಂಕೇತವನ್ನೂ ಮತ್ತೊಂದಕ್ಕೆ ಋಣಾಗ್ರವನ್ನೂ ಕೊಟ್ಟು, ನಡುಗಾಲನ್ನು 3ಕ್ಕೆ ಸೇರಿಸಬೇಕು. ಸಂಕೇತದ ಎರಡನೆಯ ತಂತಿಯೂ ಋಣಾಗ್ರಕ್ಕೇ. 5ನೆಯ ಕಾಲಿನಿಂದ 220 ಮೈಕ್ರೋಫ್ಯಾರಡ್ ಕಂಡೆನ್ಸರಿನ ಮೂಲಕ 8 ಓಮ್ ಸ್ಪೀಕರಿಗೆ, ಅಲ್ಲಿಂದ ಋಣಾಗ್ರಕ್ಕೆ ದಾರಿ. ಈ ಕಂಡೆನ್ಸರಿನ ಧನಕಾಲು 5ರ ಕಡೆಗಿರಲಿ. 5ರಿಂದ ಋಣಾಗ್ರಕ್ಕೆ 10 ಓಮ್ ರೋಧಕವನ್ನೂ 0.047 ಮೈಕ್ರೋಫ್ಯಾರಡ್ ಕಂಡೆನ್ಸರನ್ನೂ ಸಾಲಾಗಿ ಜೋಡಿಸಿದರೆ ಅನಗತ್ಯ ಆಂದೋಲನಗಳು ಅಡಗುತ್ತವೆ.

220ರ ಕಂಡೆನ್ಸರು ಏಕೆ ಬೇಕು? ಸಂಕೇತವಿಲ್ಲದಾಗಲೂ 5ನೆಯ ಕಾಲಿನಲ್ಲಿ ಬ್ಯಾಟರಿಯ ಅರ್ಧದಷ್ಟು, ಸುಮಾರು 4.5 ವೋಲ್ಟ್ ಇರುತ್ತದೆ. ನೇರವಾಗಿ ಜೋಡಿಸಿದರೆ ಏಕಮುಖ ಪ್ರವಾಹವು ಸ್ಪೀಕರಿನ ಸುರುಳಿಯನ್ನು ಕಾಯಿಸುತ್ತದೆ. ಕಂಡೆನ್ಸರು ಅದನ್ನು ತಡೆದು ಏರಿಳಿತವನ್ನಷ್ಟೇ ಬಿಡುತ್ತದೆ. ಆದುದರಿಂದ ಸ್ಪೀಕರನ್ನು ಸೇರಿಸುವ ಮೊದಲೇ ಈ 4.5 ವೋಲ್ಟನ್ನು ಅಳೆದು ನೋಡಬೇಕು. ಸೊನ್ನೆಯೋ ಒಂಬತ್ತೋ ಕಂಡುಬಂದರೆ ಒಡನೆಯೇ ಬ್ಯಾಟರಿಯನ್ನು ಬಿಡಿಸಿ ಜೋಡಣೆಗಳನ್ನು ಪರೀಕ್ಷಿಸಬೇಕು.

1 ಮತ್ತು 8ನೆಯ ಕಾಲುಗಳನ್ನು ಹಾಗೆಯೇ ಬಿಟ್ಟರೆ ವೋಲ್ಟೇಜು 20 ಪಟ್ಟಾಗುತ್ತದೆ. ಸಂಕೇತ 0.05 ವೋಲ್ಟ್ ಇದ್ದರೆ ಹೊರಬರುವುದು 1 ವೋಲ್ಟ್. 8 ಓಮ್ ಸ್ಪೀಕರಿನಲ್ಲಿ ಅದು ಎಂಟನೆಯ ಒಂದು ವ್ಯಾಟ್. ಸಂಕೇತವು ಕೊಟ್ಟದ್ದಾದರೋ ಒಂದು ವ್ಯಾಟಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ! ಮಿಕ್ಕದ್ದೆಲ್ಲ ಬ್ಯಾಟರಿಯ ದಾನ.

ಇಷ್ಟಕ್ಕೆ ಬ್ಯಾಟರಿಯೇ ಸಾಕು. ಹೊಸಬರು ಗೋಡೆಯ 230 ವೋಲ್ಟ್ ವಿದ್ಯುತ್ತಿನ ಗೊಡವೆಗೆ ಹೋಗಬಾರದು.