ವೃತ್ತದ ಪ್ರಮೇಯಗಳಿಂದ ರೇಖಾಖಂಡಗಳ ಉದ್ದವನ್ನು ಕಂಡುಹಿಡಿಯುವುದು

ವೃತ್ತದ ಜ್ಯಾ, ಛೇದಕ ಮತ್ತು ಸ್ಪರ್ಶಕಗಳು ಒಂದು ಬಿಂದುವಿನಲ್ಲಿ ಸಂಧಿಸಿದಾಗ ಉಂಟಾಗುವ ರೇಖಾಖಂಡಗಳ ನಡುವೆ ನಿಶ್ಚಿತವಾದ ಸಂಬಂಧವಿರುತ್ತದೆ. ಕೆಲವು ಖಂಡಗಳ ಉದ್ದ ಗೊತ್ತಿದ್ದರೆ ಉಳಿದುದರ ಉದ್ದವನ್ನು ಅಳತೆಪಟ್ಟಿಯಿಲ್ಲದೆ ಲೆಕ್ಕ ಹಾಕಲು ಈ ಸಂಬಂಧ ನೆರವಾಗುತ್ತದೆ. ವೃತ್ತದ ಕೇಂದ್ರವನ್ನು ತಲುಪಲಾಗದ ಸಂದರ್ಭಗಳಲ್ಲಿ, ಅಂದರೆ ಒಡೆದ ಬಳೆಯ ಚೂರು ಅಥವಾ ರೈಲು ಹಳಿಯ ತಿರುವಿನಂತಹ ಕಡೆ, ತ್ರಿಜ್ಯವನ್ನು ಅರಿಯಲು ಇದಕ್ಕಿಂತ ಸರಳವಾದ ದಾರಿ ಇಲ್ಲ.

ಛೇದಿಸುವ ಜ್ಯಾಗಳು

ಕಖ ಮತ್ತು ಗಘ ಎಂಬ ಎರಡು ಜ್ಯಾಗಳು ವೃತ್ತದೊಳಗೆ ಮ ಎಂಬ ಬಿಂದುವಿನಲ್ಲಿ ಛೇದಿಸಲಿ. ಆಗ ಒಂದು ಜ್ಯಾದ ಎರಡು ಭಾಗಗಳ ಗುಣಲಬ್ಧವು ಇನ್ನೊಂದರ ಎರಡು ಭಾಗಗಳ ಗುಣಲಬ್ಧಕ್ಕೆ ಸಮ:

ಕಮ × ಮಖ = ಗಮ × ಮಘ

ಇದರ ಸಾಧನೆ ಚಿಕ್ಕದು. ಕಗ ಮತ್ತು ಘಖಗಳನ್ನು ಸೇರಿಸಿದರೆ ಎರಡು ತ್ರಿಭುಜಗಳು ದೊರೆಯುತ್ತವೆ. ಕ ಮತ್ತು ಘ ಬಿಂದುಗಳಲ್ಲಿನ ಕೋನಗಳು ಗಖ ಎಂಬ ಒಂದೇ ಕಂಸವನ್ನು ನೋಡುವುದರಿಂದ ಅವು ಸಮ. ಮ ಬಿಂದುವಿನಲ್ಲಿ ಇರುವುದು ಶೃಂಗಾಭಿಮುಖ ಕೋನಗಳು. ಆದ್ದರಿಂದ ಕಮಗ ಮತ್ತು ಘಮಖ ತ್ರಿಭುಜಗಳು ಸಮರೂಪಿಗಳು. ಅವುಗಳ ಬಾಹುಗಳ ಅನುಪಾತದಿಂದ ಮೇಲಿನ ಸಮೀಕರಣ ಬರುತ್ತದೆ. ಕಮ = 3 ಸೆಂ.ಮೀ., ಮಖ = 8 ಸೆಂ.ಮೀ., ಗಮ = 4 ಸೆಂ.ಮೀ. ಆದರೆ ಮಘ = 24 ÷ 4 = 6 ಸೆಂ.ಮೀ. ಯೂಕ್ಲಿಡನ 'ಎಲಿಮೆಂಟ್ಸ್' ಗ್ರಂಥದ ಮೂರನೆಯ ಪುಸ್ತಕದಲ್ಲಿ ಇದು 35ನೆಯ ಪ್ರಮೇಯ.

ಬಾಹ್ಯ ಬಿಂದು

ಮ ಬಿಂದುವು ವೃತ್ತದ ಹೊರಗಿದ್ದರೂ ಇದೇ ಸಮೀಕರಣ ನಿಲ್ಲುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬಾಹ್ಯ ಬಿಂದುವಿನಿಂದ ಎಳೆದ ಛೇದಕವು ವೃತ್ತವನ್ನು ಮೊದಲು ಕ ದಲ್ಲಿ, ಅನಂತರ ಖ ದಲ್ಲಿ ಸಂಧಿಸಿದರೆ ಗುಣಿಸಬೇಕಾದ ಉದ್ದಗಳು ಮಕ ಮತ್ತು ಮಖ. ವೃತ್ತದೊಳಗಿನ ತುಂಡಾದ ಕಖವನ್ನು ಗುಣಿಸಬಾರದು. ಎರಡೂ ಉದ್ದಗಳನ್ನು ಮ ಬಿಂದುವಿನಿಂದಲೇ ಅಳೆಯಬೇಕೆಂಬುದನ್ನು ನೆನಪಿಟ್ಟರೆ ಒಳಗಿನ ಬಿಂದುವಿಗೂ ಹೊರಗಿನ ಬಿಂದುವಿಗೂ ಬೇರೆ ಬೇರೆ ಸೂತ್ರಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಛೇದಕವನ್ನು ಮ ಬಿಂದುವಿನ ಸುತ್ತ ಮೆಲ್ಲನೆ ತಿರುಗಿಸುತ್ತ ಹೋದರೆ ಕ ಮತ್ತು ಖ ಸಮೀಪಿಸಿ ಕೊನೆಗೆ ಒಂದಾಗುತ್ತವೆ. ಆಗ ಛೇದಕವು ಸ್ಪರ್ಶಕವಾಗುತ್ತದೆ. ಸ್ಪರ್ಶ ಬಿಂದು ತ ಆದರೆ, ಮತ² = ಮಕ × ಮಖ. ಮಕ = 4, ಕಖ = 5 ಎಂದು ಕೊಟ್ಟಿದ್ದರೆ ಮಖ = 9; ಸ್ಪರ್ಶಕದ ಉದ್ದ √36 = 6. ಅವಸರದಲ್ಲಿ 4 × 5 ಎಂದು ಗುಣಿಸಿದವರಿಗೆ √20 ಬರುತ್ತದೆ, ಅದು ತಪ್ಪು.

ಛೇದಕವು ಕೇಂದ್ರದ ಮೂಲಕವೇ ಹಾದುಹೋದರೆ ಹತ್ತನೆಯ ತರಗತಿಯ ಪರಿಚಿತ ಲೆಕ್ಕ ದೊರೆಯುತ್ತದೆ. 6 ಸೆಂ.ಮೀ. ತ್ರಿಜ್ಯದ ವೃತ್ತದ ಕೇಂದ್ರದಿಂದ 10 ಸೆಂ.ಮೀ. ದೂರದ ಬಿಂದುವಿನಿಂದ ಎಳೆದ ಸ್ಪರ್ಶಕದ ಉದ್ದವನ್ನು ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯದಿಂದ 8 ಎಂದು ಕಂಡುಹಿಡಿಯುತ್ತಾರೆ. (10 − 6) × (10 + 6) = 64 ಎಂದರೂ ಅದೇ ಉತ್ತರ.

ಒಂದೇ ಬಾಹ್ಯ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮವೆಂಬ ಪ್ರಮೇಯವೂ ಇದರಿಂದಲೇ ಹೊರಡುತ್ತದೆ. 13, 14, 15 ಬಾಹುಗಳ ತ್ರಿಭುಜದ ಒಳವೃತ್ತಕ್ಕೆ ಮೂರು ಶೃಂಗಗಳಿಂದ ಇರುವ ಸ್ಪರ್ಶಕಗಳು 6, 7 ಮತ್ತು 8 ಎಂದು ಇದರಿಂದ ತಿಳಿಯುತ್ತದೆ.

ಹೆದೆ ಮತ್ತು ಬಾಣ

ಸಂಸ್ಕೃತದಲ್ಲಿ 'ಜ್ಯಾ' ಎಂದರೆ ಬಿಲ್ಲಿನ ಹೆದೆ. ಹೆದೆಯ ನಡುವಿನಿಂದ ಕಂಸದವರೆಗಿನ ಲಂಬದೂರಕ್ಕೆ 'ಶರ' ಎಂದು ಹೆಸರು. ವ್ಯಾಸವು ಒಂದು ಜ್ಯಾವನ್ನು ಲಂಬವಾಗಿ ಛೇದಿಸಿದರೆ ಜ್ಯಾ ಅರ್ಧವಾಗುತ್ತದೆ. ಆಗ ಎರಡು ಶರಗಳ ಗುಣಲಬ್ಧವು ಅರ್ಧಜ್ಯಾದ ವರ್ಗಕ್ಕೆ ಸಮ. ಕ್ರಿ.ಶ. 499ರ 'ಆರ್ಯಭಟೀಯ'ದ ಗಣಿತಪಾದದಲ್ಲಿ ಈ ನಿಯಮವಿದೆ. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯನು ವ್ಯಾಸ 10, ಜ್ಯಾ 6 ಆದರೆ ಶರವೆಷ್ಟು ಎಂದು ಕೇಳುತ್ತಾನೆ. ಉತ್ತರ 1; ತಾಳೆ ನೋಡಿದರೆ 1 × 9 = 3². ಕನ್ನಡ ನಾಡಿನಲ್ಲಿಯೂ ಕ್ಷೇತ್ರಗಣಿತಕ್ಕೆ ಹಳೆಯ ಪರಂಪರೆಯಿದೆ: ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದರೆ, 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತ ಗ್ರಂಥಗಳನ್ನು ರಚಿಸಿದನು.

'ಲೀಲಾವತಿ'ಯ ಕಮಲದ ಲೆಕ್ಕ ಪ್ರಸಿದ್ಧವಾದುದು. ನೀರಿನಿಂದ ಅರ್ಧ ಮೊಳ ಮೇಲಿದ್ದ ಕಮಲವು ಗಾಳಿಗೆ ಬಾಗಿ ಎರಡು ಮೊಳ ಆಚೆ ಮುಳುಗುತ್ತದೆ, ನೀರಿನ ಆಳವೆಷ್ಟು? ದಂಟಿನ ಬುಡವೇ ವೃತ್ತದ ಕೇಂದ್ರ, ದಂಟೇ ತ್ರಿಜ್ಯ, ನೀರಿನ ಮಟ್ಟವೇ ಜ್ಯಾ ಎಂದು ಭಾವಿಸಿದರೆ ಅರ್ಧಜ್ಯಾ 2, ಚಿಕ್ಕ ಶರ ½. ದೊಡ್ಡ ಶರ 4 ÷ ½ = 8. ವ್ಯಾಸ 8½, ದಂಟಿನ ಉದ್ದ 4¼, ನೀರಿನ ಆಳ 3¾ ಮೊಳ. 629ರಲ್ಲಿ 'ಆರ್ಯಭಟೀಯ'ಕ್ಕೆ ಭಾಷ್ಯ ಬರೆದ ಒಂದನೆಯ ಭಾಸ್ಕರನು ಇಂತಹ ಕಮಲದ ಲೆಕ್ಕಗಳನ್ನು ಈ ಶರನಿಯಮದಿಂದಲೇ ಬಿಡಿಸಿದ್ದಾನೆ.

ರೈಲು ಹಳಿಯ ತಿರುವು

ತುಮಕೂರಿನ ಉಪ್ಪಾರಹಳ್ಳಿಯ ಬಳಿ ಹಾದುಹೋಗುವ ಬೆಂಗಳೂರು–ಅರಸೀಕೆರೆ ಮಾರ್ಗವೂ ಸೇರಿದಂತೆ ದೇಶದ ರೈಲು ಹಳಿಗಳ ತಿರುವುಗಳನ್ನು ಅಳೆಯುವುದು ಇದೇ ಶರದಿಂದ. ರೈಲ್ವೆಯವರು ಅದನ್ನು 'ವರ್ಸೈನ್' ಎನ್ನುತ್ತಾರೆ. ತಿರುವಿನ ಕೇಂದ್ರವು ಯಾರದೋ ತೆಂಗಿನ ತೋಟದಲ್ಲೋ ಗುಡ್ಡದ ಆಚೆಯೋ ಇರಬಹುದು. ಅಲ್ಲಿಗೆ ಹೋಗಿ ತ್ರಿಜ್ಯವನ್ನು ಅಳೆಯುವಂತಿಲ್ಲ. ಆದರೆ ಬಂಡಿ ಎಷ್ಟು ವೇಗದಲ್ಲಿ ಸಾಗಬಹುದು, ಹೊರಹಳಿಯನ್ನು ಎಷ್ಟು ಎತ್ತರಿಸಬೇಕು ಎಂಬುದು ತ್ರಿಜ್ಯವನ್ನೇ ಅವಲಂಬಿಸಿದೆ. ಆದ್ದರಿಂದ ಹೊರಹಳಿಯ ಒಳಅಂಚಿಗೆ 20 ಮೀಟರ್ ಉದ್ದದ ದಾರವನ್ನು ಬಿಗಿಯಾಗಿ ಹಿಡಿದು, ಅದರ ನಡುವಿನಿಂದ ಹಳಿಗಿರುವ ಅಂತರವನ್ನು ಅಳೆಯುತ್ತಾರೆ.

ಅಂತರವು 5 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಅರ್ಧಜ್ಯಾ 10 ಮೀಟರ್, ಶರ 0.05 ಮೀಟರ್. ಇನ್ನೊಂದು ಶರ 100 ÷ 0.05 = 2000 ಮೀಟರ್; ವ್ಯಾಸ 2000.05 ಮೀಟರ್, ತ್ರಿಜ್ಯ ಸುಮಾರು 1000 ಮೀಟರ್. ವ್ಯಾಸದ ಎದುರು ಶರ ಅತ್ಯಲ್ಪವಾದುದರಿಂದ ರೈಲ್ವೆಯ ಲೆಕ್ಕದಲ್ಲಿ ಅದನ್ನು ಕೂಡಿಸದೆ ಬಿಡುತ್ತಾರೆ. 50,000ವನ್ನು ಮಿಲಿಮೀಟರ್‌ಗಳಲ್ಲಿರುವ ಶರದಿಂದ ಭಾಗಿಸಿದರೆ ತ್ರಿಜ್ಯವು ಮೀಟರ್‌ಗಳಲ್ಲಿ ದೊರೆಯುತ್ತದೆ. ಹತ್ತು ಹತ್ತು ಮೀಟರಿಗೆ ಒಂದರಂತೆ ಈ ಅಳತೆಯನ್ನು ತೆಗೆದುಕೊಳ್ಳುವುದು ರೂಢಿ. ವೃತ್ತಾಕಾರದ ಭಾಗದಲ್ಲಿ ಶರಗಳು ಸಮವಾಗಿರಬೇಕು. ಒಂದೆಡೆ ಹೆಚ್ಚು, ಪಕ್ಕದಲ್ಲಿ ಕಡಿಮೆ ಬಂದರೆ ಅಲ್ಲಿ ಹಳಿ ವೃತ್ತದ ಆಕಾರವನ್ನು ಬಿಟ್ಟಿದೆ ಎಂದರ್ಥ, ಅದನ್ನು ಪಕ್ಕಕ್ಕೆ ಸರಿಸಿ ಸರಿಪಡಿಸಬೇಕಾಗುತ್ತದೆ.